ಹಿಂದಿನ ಸೀಟಿನ ಬೆಲ್ಟು

ನಗೋರು ಈಗಲೇ ನಕ್ಕುಬಿಡಿ. ನಡುವೆ ಬಾಯಿ ಹಾಕಬೇಡಿ. ಇದು ಯಾರೋ ಯಾರಿಗೋ ಹೇಳಿದ್ದಲ್ಲ. ನಮ್ಮ ಚಿಕ್ಕಮ್ಮನ ಮಗಳು ಜಲಜಾ ಇದಾಳಲ್ಲ, ಇಂಗ್ಲೆಂಡಿನ ಮ್ಯಾಕಲ್ಸ್‌ಫೀಲ್ಡಲ್ಲಿ... ಅವಳ ಗಂಡ ಹಯವದನನಿಗೆ ಆಗಿದ್ದು.

ಅಲ್ಲೊಂದು ಔಷಧಿ ಫ್ಯಾಕ್ಟರೀಲಿ ಅವನು ಇಂಜಿನಿಯರು. ಆವತ್ತು ರಾತ್ರಿ ಶಿಫ್ಟ್ ಮುಗಿಸಿ ನಡ್ಕೊಂಡೇ ಮನೆಗೆ ಹೊರಟಿದ್ದ. ಊರಾಚೆ ಬೀದಿ ದೀಪ ಇಲ್ಲ. ತಿರುವಲ್ಲಿ ಒಂದು ಹಳೇ ಓಕ್ ಮರ. ಮರ ದಾಟಿದ... ಹಿಂದೆ ಸದ್ದು. ಸರ್ರ್... ಪಟ್. ಸರ್ರ್... ಪಟ್. ಒಂದು ಕಾಲಲ್ಲಿ ಮೆತ್ತನೆ ಚಪ್ಪಲಿ, ಇನ್ನೊಂದು ಬರಿಗಾಲು. ಯಾರು ಅಂತ ಅವನಿಗೆ ಗೊತ್ತಾಯ್ತು.

ಹೋದ ಚಳಿಗಾಲ ಅದೇ ಮರದ ಕೆಳಗೆ ಅವನ ಕಾರಿಗೆ ಸಿಕ್ಕಿ ಒಬ್ಬ ಅಜ್ಜಿ ಸತ್ತಿದ್ದಳು. ಡೋರೀನ್ ಅಂತ ಹೆಸರು. ಹತ್ತಿರದ ಕೇರ್ ಹೋಮಿಂದ, ವೃದ್ಧಾಶ್ರಮ ಅನ್ನಿ, ನೈಟಿಯಲ್ಲೇ ಹೊರಗೆ ಬಂದು ದಾರಿ ತಪ್ಪಿದ್ದಳು, ಪಾಪ. ಒಂದು ಚಪ್ಪಲಿ ರಸ್ತೇಲೇ ಉಳಿದಿತ್ತು.

ಪೊಲೀಸರಲ್ಲಿ ಅಪಘಾತದ ತನಿಖೆಗೇ ಅಂತ ಒಬ್ಬರಿರ್ತಾರೆ. ಅವರು ಬಂದು ರಸ್ತೆ ಅಳೆದರು, ಕತ್ತಲಲ್ಲಿ ಅಂಥದ್ದೇ ಕಾರು ಓಡಿಸಿ ನೋಡಿದರು, ವೇಗ, ಬ್ರೇಕು ಎಲ್ಲ ಬರೆದಿಡೋ ಕಾರಿನೊಳಗಿನ ರೆಕಾರ್ಡರ್ ಬಿಚ್ಚಿ ಓದಿದರು. ಕಣ್ಣಿಗೆ ಬಿದ್ದಿದ್ದು ಇಂಥದ್ದು ಅಂತ ತಿಳ್ಕೊಂಡು, ಕಾಲು ಬ್ರೇಕಿಗೆ ಹೋಗೋಕೆ ಮನುಷ್ಯನಿಗೆ ಒಂದೂವರೆ ಸೆಕೆಂಡಾದರೂ ಬೇಕಂತೆ. ಅಷ್ಟರಲ್ಲಿ ಎಲ್ಲ ಮುಗಿದಿತ್ತು ಅಂತ ಅವರ ಲೆಕ್ಕ.

"ಮೊದಲು ಯಾವಾಗ ಕಾಣಿಸಿದರು?" ಅಂತ ಕೇಳಿದರು.

"ಕಾಣಲೇ ಇಲ್ಲ" ಅಂದ.

ವಿಚಾರಣೆ ದಿನ ಡೋರೀನಳ ಮಗಳೂ ಕೇಳಿದ್ದು ಅದೊಂದೇ. ಅವಳ ಮುಖ ನೋಡದೆ ಅದನ್ನೇ ಹೇಳಿದ. ತಪ್ಪಿಲ್ಲ ಅಂತ ಬಿಟ್ಟರು.

ಆದರೆ ಕಂಡಿತ್ತು. ಎದುರಿಂದ ತಿರುವಲ್ಲಿ ಬಂದ ಲಾರಿಯ ಬೆಳಕಲ್ಲಿ, ದೂರದಿಂದಲೇ. ಮರದ ಕೆಳಗೆ ಬಿಳಿ ಬಟ್ಟೆ, ಕೆದರಿದ ಕೂದಲು, ಎತ್ತಿದ ಕೈ... ಕನಕಪುರ ರಸ್ತೇಲಿ ಬೈಕು ಓಡಿಸ್ತಿದ್ದ ಕಾಲದಲ್ಲಿ ಅವರಜ್ಜಿ ಹೇಳಿ ಹೇಳಿ ತಲೆಗೆ ತುಂಬಿದ್ದರು. ಮೋಹಿನಿ ಕಂಡರೆ ನಿಲ್ಲಿಸಬೇಡ. ಜೋರಾಗಿ ಓಡಿಸಲೂಬೇಡ. ಬಂದ ಹಾಗೇ ಹೋಗ್ತಿರು, ಅದೇ ಕರಗಿಹೋಗತ್ತೆ. ಎಂ.ಟೆಕ್ ಮಾಡಿದ ಗಂಡಸಿಗೆ ಆ ಘಳಿಗೇಲಿ ನೆನಪಾಗಿದ್ದು ಅದು. ಕಾಲು ಅಲುಗಿಸಲಿಲ್ಲ.

ಅವಳು ಕರಗಲಿಲ್ಲ.

ಏನೂ ಕಾಣದವನ ಕಾಲೂ ಹಾಗೇ ಇರತ್ತೆ ತಾನೇ? ರೆಕಾರ್ಡರಿಗೆ ಎರಡೂ ಒಂದೇ. ಇವನಂತೂ ಆವತ್ತಿಂದ ಸ್ಟೇರಿಂಗ್ ಮುಟ್ಟಿಲ್ಲ.

ಈಗ ಹಿಂದೆ... ಸರ್ರ್... ಪಟ್. ನಿಂತ. ಸದ್ದೂ ನಿಂತಿತು. ಕಿವಿ ಹತ್ತಿರ ಪಿಸುಮಾತು, ಆ ಊರಿನವರ ಧಾಟೀಲೇ.

"ಯು ಸಾ ಮಿ, ಲವ್."

ನೀನು ನನ್ನ ನೋಡಿದೆ ಮಗು, ಅಂತ. ಬೈದ ಹಾಗೆ ಇರಲಿಲ್ಲವಂತೆ. ಅದನ್ನೇ ಅವನಿಗೆ ತಡ್ಕೊಳ್ಳೋಕೆ ಆಗಲಿಲ್ಲ.

ಬೆಳಗಾಗೆದ್ದು ಸ್ಟೇಷನ್ನಿಗೆ ಹೋಗಿ ಎಲ್ಲ ಹೇಳಿಕೊಂಡ. ತನಿಖೆಯವರು ಟೀ ಕೊಟ್ಟು ಕೂರಿಸಿದರು. "ಇಂಥದ್ದಾದ ಮೇಲೆ ತುಂಬ ಜನಕ್ಕೆ ಹೀಗನ್ಸತ್ತೆ, ಮಿಸ್ಟರ್ ಹಯವದನ. ನೋಡಿದ್ದೆ ಅಂತ ಮನಸ್ಸು ಆಮೇಲೆ ಕಟ್ಟಿಕೊಳ್ಳತ್ತೆ. ನಿಮ್ಮ ಡಾಕ್ಟರ್ ಹತ್ತಿರ ಹೋಗಿ." ಲಾರಿ ಅಂದ. ಯಾವ ಲಾರಿ? ಕಂಡವರೇ ಇಲ್ಲ. ಡೋರೀನಳ ಮಗಳಿಗೆ ಫೋನ್ ಮಾಡಿದ. "ನಮ್ಮನ್ನ ಬಿಟ್ಟುಬಿಡಿ" ಅಂತ ಅವಳು ಫೋನ್ ಇಟ್ಟುಬಿಟ್ಟಳು. ನಿಜ ಹೇಳ್ತೀನಿ ಅಂತ ಹೊರಟವನ ಮಾತು ಕೇಳೋರೇ ಇಲ್ಲ.

ಆ ರಾತ್ರಿ ಶಿಫ್ಟ್ ಮುಗಿದ ಮೇಲೆ ನಡೆಯೋಕೆ ಧೈರ್ಯ ಬರದೆ ಜಲಜಾನ್ನ ಕರೆಸಿಕೊಂಡ. ಅವಳು ಓಡಿಸ್ತಿದ್ದಳು, ಇವನು ಪಕ್ಕದಲ್ಲಿ. ಮರ ದಾಟಿತು.

ಟಿಂಗ್... ಟಿಂಗ್... ಟಿಂಗ್...

ಹಿಂದೆ ಕೂತವರು ಬೆಲ್ಟ್ ಹಾಕಿಲ್ಲ ಅಂದರೆ ಕಾರು ಹೊಡೆಯೋ ಗಂಟೆ.

"ಹಿಂದೆ ಬ್ಯಾಗ್ ಇಟ್ಟಿದೀರಾ?" ಜಲಜಾ ಕೇಳಿದಳು.

"ಇಲ್ಲ."

"ಮತ್ತೆ?"

"ತಿರುಗಬೇಡ... ಕೇರ್ ಹೋಮ್ ಗೇಟ್ ಹತ್ತಿರ ನಿಲ್ಸು."

ನಿಲ್ಲಿಸಿದಳು. ಇವನು ಇಳಿದು, ಎಡಗಡೆಯ ಹಿಂದಿನ ಬಾಗಿಲು ತೆಗೆದು ಹಿಡಿದು ನಿಂತ. ಸೀಟು ಖಾಲಿ. ಟಿಂಗ್... ಟಿಂಗ್... ಗೇಟಿನೊಳಗೆ ಒಂದು ದೀಪ ಉರೀತಿತ್ತು. "ದಯವಿಟ್ಟು ಇಳೀರಿ" ಅಂತ ಇಂಗ್ಲಿಷಲ್ಲಿ ಮೆಲ್ಲಗೆ ಅಂದನಂತೆ. ಎಷ್ಟು ಹೊತ್ತು ನಿಂತನೋ... ಕೊನೆಗೆ ಬಾಗಿಲು ಹಾಕಿ, ಮುಂದೆ ಬಂದು ಕೂತ. ಕಾರು ಹೊರಟಿತು.

ಹಿಂದಿಂದ... ಕ್ಲಿಕ್.

ಗಂಟೆ ನಿಂತಿತು.

ಸುಳ್ಳು ಅನ್ನೋರು ಅನ್ನಿ. ಮೊನ್ನೆ ನಾನೇ ನಾಟಿಂಗ್‌ಹ್ಯಾಮಿಂದ ರೈಲಲ್ಲಿ ಅವರ ಊರಿಗೆ ಹೋಗಿದ್ದೆ. ಜಲಜಾ ಕರ್ಕೊಂಡು ಹೋಗೋಕೆ ಬಂದಿದ್ದಳು, ಮುಂದಿನ ಸೀಟಲ್ಲಿ ಹಯವದನ ತಲೆ ತಗ್ಗಿಸಿ ಕೂತಿದ್ದ. ಹಿಂದೆ ಎಡಗಡೆ ಬಾಗಿಲು ತೆಗೆದೆ. ಖಾಲಿ ಸೀಟಿಗೆ ಬೆಲ್ಟ್ ಹಾಕಿತ್ತು. ಬಿಚ್ಚೋಣ ಅಂತ ಕೈ ಹಾಕಿದೆ.

"ಅಕ್ಕ" ಅಂದಳು ಜಲಜಾ, "ನೀನು ಆ ಕಡೆ ಕೂತ್ಕೋ."