ಬಾವಿಯ ಕಡೆ ತಿರುಗಿದ ಕುರ್ಚಿ

ಇದು ನಮ್ಮ ಚಿಕ್ಕಮ್ಮನ ಮಗಳಿಗೆ ಆದದ್ದು. ಕೈಗಡಿಯಾರ ರಿಪೇರಿ ಮಾಡುವವಳು. ಕಾಲೆರಡೂ ಸ್ವಾಧೀನವಿಲ್ಲ, ಮೋಟಾರು ಕುರ್ಚಿಯಲ್ಲೇ ಓಡಾಟ. ರಾತ್ರಿ ಅಂಗಡಿ ಮುಚ್ಚಿ, ಪಾಳುಬಿದ್ದ ಗಿರಣಿಯ ಅಂಗಳ ಹಾದು ಮನೆಗೆ ಹೋಗುತ್ತಿದ್ದಳು. ದಾರಿಯಲ್ಲೊಂದು ಹಳೇ ಬಾವಿ. ಒಂದು ಕಡೆ ಕಟ್ಟೆ ಕುಸಿದಿತ್ತು.

ಗಿರಣಿಯ ಕಾವಲುಗಾರನಿಗೆ ಅವಳೆಂದರೆ ಮಗಳಷ್ಟು ಮಮತೆ. ಟಾರ್ಚು ಹಿಡಿದು ಜೊತೆಗೆ ಬರುತ್ತಿದ್ದ. ಅವಳು ಚಳಿಯಲ್ಲಿ ಕಾಯಬಾರದೆಂದು, ಬಾವಿಯ ಹತ್ತಿರ ಬಂದಾಗಲೇ ವಾಕಿಟಾಕಿಯಲ್ಲಿ ಹಿಂದಿನ ಗೇಟಿನವನಿಗೆ ಹೇಳುತ್ತಿದ್ದ, "ಕುರ್ಚಿ ಬರ್ತಾ ಇದೆ, ದೊಡ್ಡ ಗೇಟು ತೆಗಿ."

ಅವನಿಗೆ ಹೊಸ ವಾಕಿಟಾಕಿ ಕೊಟ್ಟ ಮೊದಲ ರಾತ್ರಿ. ಗುಂಡಿ ಒತ್ತಿದ. ಕರ್‌ರ್... ಟಿಕ್. ಕುರ್ಚಿ ತಾನಾಗಿ ಬಾವಿಯ ಕಡೆ ತಿರುಗಿ ನುಗ್ಗಿತು. ಅವಳ ಕೈ ಮಡಿಲಲ್ಲಿತ್ತು. ಅವನು ಹಿಂದಿನಿಂದ ಹಿಡಿದೆಳೆದ. ಮುಂದಿನ ಚಕ್ರ ಕುಸಿದ ಕಲ್ಲಿಗೆ ತಾಗಿ ನಿಂತಿತು.

"ಮಾಮ, ನಾನೇನೂ ಮಾಡಿಲ್ಲ."

"ಗೊತ್ತು ತಾಯಿ. ನಿಂಗೆ ಈಜು ಬರಲ್ಲ ಅಂತಾನೂ ಗೊತ್ತು."

ಮರುದಿನ ಮೆಕ್ಯಾನಿಕ್ಕು ಕುರ್ಚಿಯನ್ನು ಹಲಗೆಯ ಮೇಲೆತ್ತಿ, ಕಾವಲುಗಾರನಿಗೆ ವಾಕಿಟಾಕಿಯ ಗುಂಡಿ ಒತ್ತಲು ಹೇಳಿದ. ಚಕ್ರ ಗರ್ರನೆ ಗಾಳಿಯಲ್ಲಿ ತಿರುಗಿತು.

"ನೋಡಿ ನಿಮ್ಮ ದೆವ್ವ," ಅಂದ. "ಈ ವಾಕಿಟಾಕಿಯ ರೇಡಿಯೋ ಅಲೆ ಹೊಕ್ಕರೆ ಕುರ್ಚಿಗೆ ತಲೆ ಕೆಡುತ್ತೆ, ಬ್ರೇಕು ಬಿಟ್ಟುಬಿಡುತ್ತೆ. ಹತ್ತಿರ ಎಲ್ಲಾದರೂ ಕರ್‌ರ್ ಅಂದ್ರೆ ಮೊದಲು ಸ್ವಿಚ್ಚು ಆರಿಸಕ್ಕಾ. ಆರಿದರೆ ಬ್ರೇಕು ಕಚ್ಚಿಕೊಳ್ಳುತ್ತೆ."

ಕಾವಲುಗಾರನ ಮುಖ ಸಪ್ಪಗಾಯಿತು. "ಕಾಯೋಕೆ ಬಂದೋನು ನಾನೇ ತಳ್ತಿದ್ನಲ್ಲ..." ಅಂದಿನಿಂದ ಹೊರಡುವ ಮೊದಲೇ ಗೇಟಿನವನಿಗೆ ಹೇಳಿ, ವಾಕಿಟಾಕಿಯನ್ನು ತನ್ನ ಕೋಣೆಯಲ್ಲಿಟ್ಟು ಬೀಗ ಹಾಕಿ ಬರುತ್ತಿದ್ದ.

ನಾಲ್ಕನೇ ರಾತ್ರಿ. ಬಾವಿಯ ಹತ್ತಿರ ಬಂದರು.

ಕರ್‌ರ್... ಟಿಕ್.

ಅವಳು ಮೊದಲು ಸ್ವಿಚ್ಚು ಆರಿಸಿದಳು. ಬ್ರೇಕು ಟಕ್ಕನೆ ಕಚ್ಚಿತು. ಆಮೇಲೆ ಪಿಸುಗುಟ್ಟಿದಳು, "ಮಾಮ... ತಂದಿದ್ದೀರಾ?"

"ಇಲ್ಲ ತಾಯಿ."

ಮತ್ತೆ ಕರ್‌ರ್... ಟಿಕ್. ಕೆಳಗಿನಿಂದ. ನೀರಿನ ಒಳಗಿನಿಂದ ಬಂದ ಹಾಗೆ. ಆರಿಸಿದ ಮೋಟಾರು ಗುಂಯ್ ಎಂದು ಮುಲುಗಿತು. ಕುರ್ಚಿ ಕದಲಲಿಲ್ಲ. ಸದ್ದು ನಿಂತ ಮೇಲೆ ಅವನು ಮೋಟಾರಿನ ಕೊಂಡಿ ಬಿಡಿಸಿ, ಕೈಯಲ್ಲೇ ತಳ್ಳಿಕೊಂಡು ಹೋದ.

ದೊಡ್ಡ ಗೇಟಿಗೆ ಸರಪಳಿ ಬಿದ್ದಿತ್ತು. ಪಕ್ಕದ ಚಿಕ್ಕ ಬಾಗಿಲು ಮಾತ್ರ ತೆರೆದಿತ್ತು.

"ಏನಯ್ಯಾ, ದೊಡ್ಡದು ತೆಗಿ ಅಂದಿರಲಿಲ್ವಾ?"

"ತೆಗೆದಿದ್ದೆ ಅಣ್ಣ. ಆಮೇಲೆ ನಿಮ್ಮ ವಾಕಿಟಾಕಿಯಿಂದಲೇ ಮುಚ್ಚು ಅಂತ ಬಂತು."

"ಯಾರು ಹೇಳಿದ್ದು?"

ಗೇಟಿನವನು ಕುರ್ಚಿಯಲ್ಲಿದ್ದವಳನ್ನು ನೋಡಿ ತಲೆ ತಗ್ಗಿಸಿದ. "ಯಾರೋ ಹೆಂಗಸು... ಕುರ್ಚಿ ಬರಲ್ಲ, ಕಾವಲುಗಾರ ಒಬ್ಬರೇ ನಡ್ಕೊಂಡು ಬರ್ತಾರೆ, ಚಿಕ್ಕ ಬಾಗಿಲು ಸಾಕು ಅಂದಳು."

ಆ ರಾತ್ರಿ ಕಾವಲುಗಾರ ಬಾವಿ ದಾಟಿ ಹಿಂದಿರುಗಲಿಲ್ಲ, ಗೇಟಿನ ಬಳಿಯೇ ಕೂತ. ಬೆಳಗ್ಗೆ ಅವಳು ಬಂದ ಮೇಲೆ, ಗೇಟಿನವನೂ ಸೇರಿ ಮೂವರೂ ಹೋಗಿ ಅವನ ಕೋಣೆಯ ಬೀಗ ತೆಗೆದರು. ನಾನು ಕಟ್ಟಿ ಹೇಳುತ್ತಿಲ್ಲ, ಅವಳೇ ಕೈಯಾರೆ ಮುಟ್ಟಿ ನೋಡಿದ್ದಾಳೆ. ಆ ಚಳಿಗೆ ಮೇಜು ಕೊರೆಯುತ್ತಿತ್ತು. ಅದರ ಮೇಲಿದ್ದ ವಾಕಿಟಾಕಿ... ಬೆಚ್ಚಗಿತ್ತು.