ದರ್ಜಿಯ ಅಂಗಿ ಗುಂಡಿ

ಅಂಗವಿಕಲರ ಪಿಂಚಣಿಗೆ ತಪಾಸಣೆ ನಡೆಯುವ ಕೋಣೆಯ ಹೊರಗೆ, ನಿದ್ದೆಹೋದ ಮಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ಪಾರ್ಶ್ವವಾಯು ಬಡಿದು ಬಲಗೈ ಸೋತ ದರ್ಜಿಯೊಬ್ಬರು ಹೆಂಡತಿಯೊಂದಿಗೆ ಹೊರಬಂದರು.

"ಎಲ್ಲಾ ನಾನೇ ಮಾಡ್ಕೋತೀನಿ ಅಂದ್ರಲ್ಲ! ಡಾಕ್ಟರು ನಿಮ್ಮನ್ನೇನು ಕೆಲಸಕ್ಕೆ ಕರೆದಿದ್ರಾ?"

"ಬಾಯಿಗೆ ಬಂದುಬಿಡ್ತು ಕಣೇ."

"ಅಂಗಿ ಗುಂಡಿ ಹಾಕಿದ್ದು ನಾನು ಅಂತ ಹೇಳದಿದ್ರೆ ಪಿಂಚಣಿಗೆ ಎಳ್ಳುನೀರು ಬಿಡಬೇಕಿತ್ತು."

"ಊರಿಗೆಲ್ಲ ಅಂಗಿ ಹೊಲಿದವನು ನಾನು. ಗುಂಡಿ ಹಾಕ್ಕೊಳ್ಳೋಕೆ ಬರಲ್ಲ ಅಂತ ಯಾವ ಮುಖ ಇಟ್ಕೊಂಡು ಹೇಳಲಿ?"

"ಹೋಗ್ಲಿ ಬಿಡಿ. ಅರ್ಹರು ಅಂತ ಬರೆದ್ರಲ್ಲ, ಹೋದ ಜೀವ ಬಂದಂಗಾಯ್ತು."

"ನನಗೂ."

ಹೊರಬಾಗಿಲ ಬಳಿ ದರ್ಜಿ ನಿಂತರು.

"ಚಪ್ಪಲಿ ಪಟ್ಟಿ ಬಿಚ್ಚಿದೆ, ಹಾಕೇ."

"ಇಷ್ಟು ಜನರ ಮುಂದೇನಾ?"

"ಹಾಕೇ. ಇನ್ನೇನು ಮುಚ್ಚುಮರೆ?"

ಹೆಂಡತಿ ನಗುತ್ತ ಬಗ್ಗಿ ಪಟ್ಟಿ ಬಿಗಿದರು. ಇಬ್ಬರೂ ನಿಧಾನವಾಗಿ ಮೆಟ್ಟಿಲಿಳಿದು ಹೋದರು.