ಕಟ್ಟಿನಲ್ಲಿ ಉಳಿದ ಕಾರ್ಡು

ಅಧ್ಯಕ್ಷರೇ, ವೇದಿಕೆಯ ಮೇಲಿರುವ ಅತಿಥಿಗಳೇ, ಭೌತವಿಜ್ಞಾನ ವಿಭಾಗದ ಗೆಳೆಯರೇ, ಊಟದ ವಾಸನೆ ಬಂದರೂ ಕುರ್ಚಿ ಬಿಟ್ಟೇಳದ ಸಭಿಕರೇ,

ಈಗಷ್ಟೇ ಓದಿದ ಬೀಳ್ಕೊಡುಗೆ ಪತ್ರದಲ್ಲಿ ‘ಇವರ ಲೆಕ್ಕ ಒಮ್ಮೆಯೂ ತಪ್ಪಿದ್ದಿಲ್ಲ’ ಎಂಬ ಸಾಲಿದೆ. ಬರೆದವರು ನನ್ನ ಶಿಷ್ಯರು. ಪಾಪ, ಅವರಿಗೆ ಗೊತ್ತಿಲ್ಲ.

ನಲವತ್ತು ವರ್ಷದ ಹಿಂದೆ ಕಂಪ್ಯೂಟರ್ ಈ ಕಟ್ಟಡದ ನೆಲಮಾಳಿಗೆಯಲ್ಲಿತ್ತು. ಅದಕ್ಕೆ ಕೊಡುವ ಆದೇಶದ ಒಂದೊಂದು ಸಾಲಿಗೂ ತೂತು ಕೊರೆದ ಒಂದೊಂದು ರಟ್ಟಿನ ಕಾರ್ಡು, ಕಟ್ಟಿಗೊಂದು ರಬ್ಬರ್ ಬ್ಯಾಂಡು. ನಾನು, ನನ್ನ ಜೊತೆಗೊಬ್ಬ ಹುಡುಗಿ, ಒಬ್ಬರೇ ಗುರುಗಳ ಕೈಕೆಳಗೆ ನಾವಿಬ್ಬರು ಸಂಶೋಧನಾ ವಿದ್ಯಾರ್ಥಿಗಳು. ಕಾಗದದ ಲೆಕ್ಕ ಆಕೆಯದು, ಯಂತ್ರದ ಲೆಕ್ಕ ನನ್ನದು. ದೊಡ್ಡ ಧೂಳಿನ ಮೋಡ ತನ್ನದೇ ಭಾರಕ್ಕೆ ಕುಸಿದರೆ ಏನಾಗುತ್ತದೆ? ಕಪ್ಪುಕುಳಿಯಾಗುತ್ತದೆ, ಕುಸಿತದ ಕೊನೆಯ ಬಿಂದುವನ್ನು ಬೆಳಕೂ ದಾಟಲಾಗದ ಗಡಿಯೊಂದು ಮುಚ್ಚಿಬಿಡುತ್ತದೆ ಎಂದು ನಾವೆಲ್ಲ ನಂಬಿದ್ದೆವು. ಆಕೆಯ ಪೆನ್ಸಿಲ್ ಬೇರೆಯೇ ಹೇಳಿತು. ಮೋಡ ನಡುವೆ ಸಾಂದ್ರವಾಗಿ, ಹೊರಕ್ಕೆ ತೆಳುವಾಗುತ್ತ ಹೋದರೆ ಕೆಲವೊಮ್ಮೆ ಗಡಿ ತಡವಾಗಿ ಬರುತ್ತದೆ. ಬಿಂದು ಬೆತ್ತಲಾಗಿ ಉಳಿಯುತ್ತದೆ, ಅಲ್ಲಿಂದ ಬೆಳಕು ಹೊರಬೀಳಬಹುದು.

“ನೋಡೋ, ಬೆಳಕು ತಪ್ಪಿಸ್ಕೊಂಡ್ತು!” ಎಂದು ಆಕೆ ಮೆಟ್ಟಿಲ ಮೇಲಿಂದ ಕೂಗಿದ್ದು ಈಗಲೂ ಕಿವಿಯಲ್ಲಿದೆ. ಯಂತ್ರದಿಂದ ಬಂದ ಬಿಸಿ ಕಾಗದ, ಇಬ್ಬರಿಗೆ ಒಂದೇ ಲೋಟ ಕಾಫಿ. ಎಲ್ಲಿ ಹೋದವು ಆ ದಿನಗಳು?

ಯಂತ್ರ ಒಪ್ಪಲಿಲ್ಲ. ಮೂರು ಸಲ ಹಾಕಿದೆ, ಮೂರು ಸಲವೂ ಕಪ್ಪುಕುಳಿ. “ನಿನ್ನ ಬೀಜಗಣಿತಾನೇ ಎಲ್ಲೋ ಎಡವಿದೆ ಕಣೇ” ಎಂದೆ. ಗುರುಗಳು ಯಂತ್ರವನ್ನು ನಂಬಿದರು. “ಬಿಡಮ್ಮ ಅದನ್ನ, ಬೇರೆ ವಿಷಯ ಹಿಡಿ” ಎಂದರು. ಆಕೆ ಬೇರೆ ವಿಷಯ ಹಿಡಿಯಲಿಲ್ಲ, ಶಾಲೆಯಲ್ಲಿ ಗಣಿತ ಕಲಿಸಲು ಹೊರಟುಹೋದಳು.

ಅದಾದ ತಿಂಗಳಿಗೆ ಕಟ್ಟು ಬಿಚ್ಚಿದೆ. ಹಿಂದಿನ ಲೆಕ್ಕದ ಕಾರ್ಡೊಂದು ಅದರಲ್ಲೇ ಉಳಿದಿತ್ತು: ಮೋಡದ ಸಾಂದ್ರತೆ ಎಲ್ಲೆಡೆ ಒಂದೇ ಎಂಬ ಕಾರ್ಡು. ಅಂಥ ಮೋಡ ಕಪ್ಪುಕುಳಿಯಾಗದೆ ಇನ್ನೇನಾದೀತು? ಆಕೆಯ ಮೋಡವನ್ನು ನಾನು ಯಂತ್ರಕ್ಕೆ ಕೊಟ್ಟೇ ಇರಲಿಲ್ಲ.

ಹೇಳಬೇಕಿತ್ತಲ್ಲವೇ? ಆ ಲೆಕ್ಕವೂ ಸೇರಿದ್ದ ನನ್ನ ಪ್ರಬಂಧ ಆಗಲೇ ಸಲ್ಲಿಕೆಯಾಗಿತ್ತು. ಕಾರ್ಡನ್ನು ಒಂದು ಪುಸ್ತಕದೊಳಗಿಟ್ಟೆ. ಮರುವರ್ಷ ಆಕೆಯನ್ನೇ ಮದುವೆಯಾದೆ. ಆಗಲೂ ಹೇಳಲಿಲ್ಲ. ಮುಂದೊಮ್ಮೆ ಬೇರೆ ಯಾರೋ ಅದೇ ಉತ್ತರ ಪ್ರಕಟಿಸಿದಾಗ ಆಕೆ, “ನೋಡಿದ್ರಾ, ನನ್ನ ಮೋಡ” ಎಂದು ನಕ್ಕು ಮಕ್ಕಳ ಉತ್ತರಪತ್ರಿಕೆ ತಿದ್ದಲು ಕೂತಳು. ಆಗಲೂ ಹೇಳಲಿಲ್ಲ.

ಇವತ್ತು ಹೇಳಿಬಿಡೋಣವೆಂದು ಬೆಳಿಗ್ಗೆ ಪುಸ್ತಕ ತೆಗೆದೆ. ಕಾರ್ಡಿರಲಿಲ್ಲ. ಗಾಬರಿಯಲ್ಲೇ, ಆಕೆ ಇಸ್ತ್ರಿ ಮಾಡಿಟ್ಟಿದ್ದ ಅಂಗಿ ತೊಟ್ಟೆ. ಜೇಬಿನಲ್ಲಿ ಗಟ್ಟಿಯಾಗಿ ಏನೋ ತಗುಲಿತು. ಇಗೋ, ಇದೇ ಅದು.

“ಕನ್ನಡಕ ಮರೀಬೇಡಿ, ಓದಕ್ಕೆ ಬೇಕಾಗತ್ತೆ” ಎಂದಳು. ಅಷ್ಟೇ.

ಎಷ್ಟು ವರ್ಷದಿಂದ ಆಕೆಗೆ ಗೊತ್ತಿತ್ತೋ? ಎರಡನೇ ಸಾಲಿನಲ್ಲಿ ಕೂತಿದ್ದಾಳೆ, ಊಟದ ಹೊತ್ತಿಗೆ ಕೇಳುತ್ತೇನೆ. ಪತ್ರದ ಆ ಸಾಲನ್ನು ದಯವಿಟ್ಟು ಹೊಡೆದುಹಾಕಿ. ಅಲ್ಲಿ ‘ಮೋಡದ ಲೆಕ್ಕ ಇವರ ಹೆಂಡತಿಯದು, ಅದು ಸರಿಯಿತ್ತು’ ಎಂದು ಬರೆಯಿರಿ.

ಇಷ್ಟು ಹೊತ್ತು ತಾಳಿಕೊಂಡ ನಿಮಗೆಲ್ಲ ವಂದನೆಗಳು. ಮೊದಲು ಎರಡನೇ ಸಾಲಿಗೆ, ಆಮೇಲೆ ಸಭೆಗೆ, ನಮಸ್ಕಾರ.